ನಮ್ಮ ಮಾಳಿಗೆಯ ಕೆಂಪು ಚುಕ್ಕೆ

ಬುದ್ಧಿ ಹೇಳುವುದನ್ನೇ ಉದ್ಯೋಗ ಮಾಡಿಕೊಂಡವನಿಗೆ ಒಂದು ತೊಂದರೆಯಿದೆ. ಇದ್ದಬದ್ದ ಬುದ್ಧಿಯೆಲ್ಲ ಬೇರೆಯವರ ಮನೆಯಲ್ಲಿ ಖರ್ಚಾಗಿ, ತನ್ನ ಮನೆಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ನಾನು ಬನಹಟ್ಟಿಯಲ್ಲಿ ಆರೋಗ್ಯ ನಿರೀಕ್ಷಕ. ಯಾರಿಗೆ ಜ್ವರ ಬಂದಿದೆ ಎಂದು ಕೇಳುವುದು, ನೀರಿನ ಬ್ಯಾರಲ್ಲುಗಳಲ್ಲಿ ಇಣುಕಿ ಸೊಳ್ಳೆ ಮರಿ ಹುಡುಕುವುದು, ಮುಚ್ಚಳ ಮುಚ್ಚಿರಿ ಎಂದು ಬೈಯುವುದು ನನ್ನ ಕೆಲಸ. ಮೊದಲು ಜ್ವರದ ವರದಿ ಕಾಗದದಲ್ಲಿ ಹೋಗುತ್ತಿತ್ತು; ಅದು ಜಿಲ್ಲೆಗೆ ತಲುಪುವುದರೊಳಗೆ ರೋಗಿ ಗುಣವಾಗಿ ಜಮಖಂಡಿ ಸಂತೆ ಮುಗಿಸಿ ಬಂದಿರುತ್ತಿದ್ದ. ಈಗ ಮೊಬೈಲಿನಲ್ಲಿ ಆ್ಯಪ್ ಬಂದಿದೆ. ಜ್ವರದ ವಿವರ ತುಂಬಿದ ಕೂಡಲೇ ಜಿಲ್ಲಾ ಕಚೇರಿಯ ನಕಾಶೆಯಲ್ಲಿ ಚುಕ್ಕೆ ಮೂಡುತ್ತದೆ. ಒಂದೇ ಕಡೆ ಬಹಳ ಜ್ವರಗಳು ಸೇರಿದರೆ ಚುಕ್ಕೆ ಕೆಂಪಾಗುತ್ತದೆ, ಕೆಂಪಾದರೆ ಅಲ್ಲಿಂದ ತಂಡ ಹೊರಡುತ್ತದೆ.

ನೇಕಾರರ ಓಣಿಯಲ್ಲಿ ಪವರ್‌ಲೂಮುಗಳ ಸದ್ದಿನ ನಡುವೆ ನಿಂತು ಮೊಬೈಲ್ ಒತ್ತುವುದು ನನ್ನಿಂದಾಗದು. ಜ್ವರ ಎಷ್ಟು ದಿನದಿಂದ ಎಂದು ನಾನು ಕೂಗಬೇಕು, ಅವರು ಬೆರಳೆತ್ತಿ ತೋರಿಸಬೇಕು. ಹಾಗಾಗಿ ಹೆಸರುಗಳನ್ನು ಚೀಟಿಯಲ್ಲಿ ಗೀಚಿಕೊಂಡು ಬಂದು, ಸಂಜೆ ನಮ್ಮ ಮಾಳಿಗೆ ಹತ್ತಿ, ನೀರಿನ ಟಾಕಿಗೆ ಒರಗಿ, ಚಹಾ ಹೀರುತ್ತ ಆರಾಮಾಗಿ ತುಂಬುತ್ತಿದ್ದೆ. ಅಲ್ಲಿ ಗಾಳಿಯೂ ಚೆನ್ನಾಗಿತ್ತು, ನೆಟ್‌ವರ್ಕೂ ಚೆನ್ನಾಗಿತ್ತು. ತುಂಬಿದ ಜಾಗವನ್ನೇ ಆ್ಯಪು ರೋಗಿಯ ಮನೆ ಎಂದು ತಿಳಿಯುತ್ತದೆಂದು ತರಬೇತಿಯಲ್ಲಿ ಹೇಳಿದ್ದರಂತೆ. ಅದನ್ನು ಹೇಳುವ ಹೊತ್ತಿಗೆ ತರಬೇತಿಯ ಊಟಕ್ಕೆ ಶೇಂಗಾ ಹೋಳಿಗೆ ಇದೆಯೆಂಬ ಸುದ್ದಿ ಬಂದು, ನನ್ನ ಮನಸ್ಸು ಅಡುಗೆಮನೆಯ ಕಡೆ ಹೋಗಿತ್ತು.

ಮಗಳು ಸುಧಾ ಏಳು ತಿಂಗಳ ಬಸುರಿ, ಮುಧೋಳದಿಂದ ಕುಬಸಕ್ಕೆ, ಅಂದರೆ ಸೀಮಂತಕ್ಕೆಂದು ತವರಿಗೆ ಬಂದಿದ್ದಳು. ನಾಳೆ ಕುಬಸ ಎನ್ನುವಾಗ ನಮ್ಮ ಬಾಗಿಲಿಗೆ ಜಿಲ್ಲೆಯ ಜೀಪು ಬಂದು ನಿಂತಿತು. ಬನಹಟ್ಟಿಯ ಜ್ವರವೆಲ್ಲ ಈ ಒಂದೇ ಮನೆಯಲ್ಲಿದೆ ಎಂದು ನಕಾಶೆ ಹೇಳಿತ್ತು. ಓಣಿಯೇ ಸೇರಿತು. ಹೋಳಿಗೆ ಲಟ್ಟಿಸಲು ಬಂದಿದ್ದ ನೆರೆಮನೆಯ ಶಾಂತಕ್ಕ ತನ್ನ ಲಟ್ಟಣಿಗೆ ತೆಗೆದುಕೊಂಡು ಮೆಲ್ಲಗೆ ಹೊರಟಳು. ನನ್ನ ಹೆಂಡತಿ ಕಸ್ತೂರಿ ನನ್ನ ಕಡೆ ತಿರುಗಿ, "ಊರ ಮಂದೀ ಜ್ವರಾ ಎಲ್ಲಾ ನಮ್ಮ ಮನಿಗೆ ಯಾಕ ತಂದ್ರಿ? ನಾಳೆ ಕುಬಸಕ್ಕ ಯಾರ ಬರ್ತಾರ?" ಎಂದಳು.

ತಂಡದ ಜೊತೆ ಬಂದ ಡಾಕ್ಟರಮ್ಮ ನಮ್ಮನ್ನೆಲ್ಲ ಪರೀಕ್ಷಿಸಿದರು. ಯಾರಿಗೂ ಜ್ವರವಿರಲಿಲ್ಲ. ನನ್ನ ಚಹಾದ ಕಥೆ ಕೇಳಿ ಅವರು ನಕ್ಕರು, ನಾನೂ ನಿರಾಳವಾಗಿ ನಕ್ಕೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ನಮ್ಮಲ್ಲಿ ನೆಟ್‌ವರ್ಕ್ ಎಷ್ಟು ಛಲೋ ಇದೆ ಎಂದು ತೋರಿಸಲು ಅವರನ್ನು ಮಾಳಿಗೆಗೆ ಕರೆದೊಯ್ದೆ. ಟಾಕಿಯ ಹಿಂದೆ, ಗುಬ್ಬಿಗಳಿಗೆಂದು ನಾನೇ ನೀರು ಹಾಕಿಡುವ ಮಣ್ಣಿನ ಬೋಗುಣಿಯಿತ್ತು. ಅದರಲ್ಲಿ ಸೊಳ್ಳೆ ಮರಿಗಳು ಆನಂದವಾಗಿ ಈಜುತ್ತಿದ್ದವು.

"ಸರ್, ಆ್ಯಪ್ ಜಾಗಾ ಬರೋಬರಿ ತೋರ್ಸೇತ್ರಿ," ಎಂದರು ಡಾಕ್ಟರಮ್ಮ.

ಸುಧಾ ದಿನಾ ಬೆಳಿಗ್ಗೆ ತಲೆ ಒಣಗಿಸಿಕೊಳ್ಳುವುದು ಅಲ್ಲೇ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬೋಗುಣಿ ಚೆಲ್ಲಿ, ಬೂದಿ ಹಾಕಿ ಮತ್ತೆ ಮತ್ತೆ ತಿಕ್ಕಿದೆ. ಆ ತಪ್ಪು ಚುಕ್ಕೆ ಮೂಡದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಮನೆಯಲ್ಲಿ ಜ್ವರವಿಲ್ಲವೆಂದು ಡಾಕ್ಟರಮ್ಮನೇ ಓಣಿಗೆ ಹೇಳಿ ಹೋದದ್ದರಿಂದ ಮರುದಿನ ಎಲ್ಲರೂ ಬಂದರು, ಲಟ್ಟಣಿಗೆಯ ಸಮೇತ ಶಾಂತಕ್ಕ ಕೂಡ. ಬೋಗುಣಿಯ ಸುದ್ದಿ ಆಗಲೇ ಹಬ್ಬಿತ್ತು; ಬಂದವರಲ್ಲಿ ಅರ್ಧ ಜನ ಮೊದಲು ಮಾಳಿಗೆ ಹತ್ತಿ ಅದನ್ನು ನೋಡಿಯೇ ಕುಳಿತರು. ಆರತಿಯಾದ ಮೇಲೆ ಹೆಂಗಸರು ಒಡಪು, ಅಂದರೆ ಪ್ರಾಸದ ಸಾಲು ಕಟ್ಟಿ, ಅದರಲ್ಲಿ ಗಂಡನ ಹೆಸರು ಹೇಳುವುದು ನಮ್ಮ ಕಡೆಯ ಪದ್ಧತಿ. ಸುಧಾ ನಾಚುತ್ತ ಹೇಳಿದಳು. ಆಮೇಲೆ ಎಲ್ಲರೂ ಕಸ್ತೂರಿಗೆ ಗಂಟುಬಿದ್ದರು. ಅವಳು ಸೆರಗು ಸರಿಮಾಡಿಕೊಂಡು ಶುರುಮಾಡಿದಳು:

"ಮಂದಿ ಮನಿಯಾಗ ಮುಚ್ಚಳ ಮುಚ್ಚಸ್ತಾರ,
ತಮ್ಮ ಮಾಳಿಗಿ ಮ್ಯಾಲ ಸೊಳ್ಳಿ ಮರಿ ಸಾಕತಾರ, ನಮ್ಮ ಮಲ್ಲಪ್ಪನವರು."

ಜಿಲ್ಲೆಯವರು ಆ ವಾರವೇ ನಕಾಶೆಯ ಮೇಲಿನ ಚುಕ್ಕೆಯನ್ನು ಅಳಿಸಿದರು. ಒಡಪು ಮಾತ್ರ ರಬಕವಿ ದಾಟಿ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನವರೆಗೂ ಹೋಗಿದೆ. ಈಗ ನಾನು ಪ್ರತಿ ಮನೆಯ ಬಾಗಿಲಲ್ಲೇ ನಿಂತು ಆ್ಯಪ್ ತುಂಬುತ್ತೇನೆ. ಯಾವ ಬ್ಯಾರಲ್ಲಿನಲ್ಲಿ ಇಣುಕಿದರೂ ಮನೆಯವರು ಮೊದಲ ಸಾಲು ಹೇಳಿ ನನ್ನ ಮುಖ ನೋಡುತ್ತಾರೆ. ಎರಡನೆಯ ಸಾಲನ್ನು ನಾನೇ ಹೇಳುತ್ತೇನೆ. ಅವರು ನಗುತ್ತ ಮುಚ್ಚಳ ಮುಚ್ಚುತ್ತಾರೆ. ಇಷ್ಟು ವರ್ಷ ಬೈದಾಗ ಒಬ್ಬರೂ ಮುಚ್ಚಿರಲಿಲ್ಲ.