ಮಂಡಿ ಬೇರೆ, ಟೀಮು ಬೇರೆ

ಕನ್ನಡದಲ್ಲಿ ಮನೆಯ ಗಂಡಸಿಗೂ ಯಜಮಾನರು, ಅಂಗಡಿಯ ಮಾಲೀಕರಿಗೂ ಯಜಮಾನರು. ಈ ಪದವನ್ನು ಮೊದಲು ಬಳಕೆಗೆ ತಂದವರು ಒಬ್ಬ ಹೆಂಗಸನ್ನು ಕೇಳಿದ್ದರೆ ಅವಳು ಎರಡಕ್ಕೂ ಬೇರೆ ಬೇರೆ ಪದ ಇಡಿಸುತ್ತಿದ್ದಳು. ನನ್ನ ಮಟ್ಟಿಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ಗುಂಡ್ಲುಪೇಟೆಯಲ್ಲಿ ತರಕಾರಿ ಮಂಡಿ ನಡೆಸುವವರೂ ಮನೆಯಲ್ಲಿ ನಾನು ಸಾರು ಬಡಿಸುವವರೂ ಒಬ್ಬರೇ. ತೊಂದರೆ ಶುರುವಾದದ್ದು ಅವರು ಒಂದು ಫುಟ್‌ಬಾಲ್ ಟೀಮಿಗೂ ಯಜಮಾನರಾದ ಮೇಲೆ.

ನಾನು ಚಾಮರಾಜನಗರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ನಿವೃತ್ತಳಾಗಿ ಬರುವಾಗ ಹುಡುಗಿಯರು ಒಂದು ಹಿತ್ತಾಳೆ ಗಂಟೆ ಕೊಟ್ಟರು. ತಮಾಷೆಗೆ ಕೊಟ್ಟರೋ ಏನೋ, ನಾನು ಅದನ್ನು ಅಡುಗೆಮನೆ ಬಾಗಿಲಿಗೆ ನೇತುಹಾಕಿ ಈಗಲೂ ಬಾರಿಸುತ್ತೇನೆ. ಗಂಟೆಯಾದರೆ ತಿಂಡಿ, ಗಂಟೆಯಾದರೆ ಊಟ, ತಡವಾಗಿ ಬಂದವರಿಗೆ ತಣ್ಣಗಿನದು. ಸೋಮವಾರ ಟೀಮಿನ ಅಂಗಿ ಒಗೆಯುವ ದಿನ. ಬೆನ್ನಿನ ಮೇಲೆ ಮಂಡಿಯ ಹೆಸರು ಹೊತ್ತ ಹಳದಿ ಅಂಗಿಗಳನ್ನು ನಂಬರಿನ ಪ್ರಕಾರ ಸಾಲಾಗಿ ಒಣಗಿಸುತ್ತೇನೆ. ಏಳರ ಪಕ್ಕ ಒಂಬತ್ತು ಬಂದುಬಿಟ್ಟರೆ ನನಗೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ. ಬೀದಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಆ ಸಾಲು ನೋಡಿ, "ಎಲ್ಲಾ ಗಂಡುಮಕ್ಕಳೇನ್ರಮ್ಮಾ ನಿಮಗೆ?" ಎಂದು ಮರುಕದಿಂದ ಕೇಳಿದ್ದಳು.

ಟೀಮು ಹುಟ್ಟಿದ್ದು ಕೇರಳದ ಲಾರಿ ಡ್ರೈವರುಗಳಿಂದ. ಸರಕು ಬರುವುದು ತಡವಾದ ದಿನ ಅವರು ಸುಮ್ಮನೆ ಕೂರಲಾರದೆ ಮಂಡಿಯ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರು. ನೋಡನೋಡುತ್ತ ನಮ್ಮ ಹಮಾಲಿಗಳೂ ಸೇರಿಕೊಂಡರು. ಅವರಲ್ಲಿ ಭೀಮನಬೀಡಿನ ಮಾದೇವ ಗೋಲು ಕಾಯುವುದಕ್ಕೆಂದೇ ಹುಟ್ಟಿದವನು. ರೈತರ ಟೆಂಪೊದಿಂದ ಸಿಹಿಕುಂಬಳ ಇಳಿಸುವಾಗ ಆಳುಗಳು ಸಾಲಾಗಿ ನಿಲ್ಲುತ್ತಾರೆ. ಮೇಲಿನಿಂದ ಎಸೆದ ಕಾಯನ್ನು ಹಿಡಿದು, ಗರಕ್ಕನೆ ತಿರುಗಿ, ಹಿಂದಿನವನ ಕೈಗೆ ಎಸೆಯಬೇಕು. ಮಾದೇವನ ಕೈಯಿಂದ ಕಾಯಿ ಜಾರಿ ಬಿದ್ದದ್ದನ್ನು ಯಾರೂ ನೋಡಿಲ್ಲ. ನಮ್ಮ ಯಜಮಾನರು ಪಕ್ಕದಲ್ಲಿ ನಿಂತು, "ಬುಡ್ಲಾ ಹಿಂದಕ್ಕೆ, ಬುಡ್ಲಾ!" ಎಂದು ತಾಳ ಹಾಕುವರು.

ಆ ಮಾದೇವ ಎದುರು ಮಂಡಿಗೆ ಸೇರಿಕೊಂಡ. ಅಲ್ಲಿ ಕುರ್ಚಿಯಲ್ಲಿ ಕೂತು ತೂಕ ಹಾಕುವ ಕೆಲಸ. ನಮ್ಮಲ್ಲಿ ಆ ಕುರ್ಚಿಯನ್ನು ಯಜಮಾನರು ಯಾರಿಗೂ ಬಿಟ್ಟುಕೊಡುವುದಿಲ್ಲ. ಸುದ್ದಿ ಕೇಳಿದ ಗಳಿಗೆಯಲ್ಲೇ ಅವರು, ಮುಂದಿನ ಭಾನುವಾರ ಚಾಮರಾಜನಗರದ ಪಂದ್ಯಕ್ಕೆ ಮಾದೇವ ಇಲ್ಲ ಎಂದು ಸಾರಿಬಿಟ್ಟರು. ಸೋಮವಾರ ಮಾದೇವ ನಮ್ಮ ಹಿತ್ತಲಿಗೆ ಬಂದು, ಒಣಗುತ್ತಿದ್ದ ತನ್ನ ಒಂದನೇ ನಂಬರಿನ ಅಂಗಿಯ ಮುಂದೆ ನಿಂತ.

"ಮಂಡಿ ಬುಟ್ಟಿವ್ನಿ ಅಮ್ಮೋರೆ, ಟೀಮ ಬುಟ್ಟಿಲ್ಲ. ಇಲ್ಲಿ ಮೂಟೆ ಯಜಮಾನ್ರುದು, ಅಲ್ಲಿ ತಕ್ಕಡಿ ಅವ್ರದು. ಗೋಲ್ ಕಾಯದೊಂದೇ ನಂದು ಅಂತ ಇರದು. ಅದ್ನೂ ಕಿತ್ಕಬ್ಯಾಡಿ ಅಂತ ಒಸಿ ಯೇಳಿ."

ಹಾಸ್ಟೆಲಿನಲ್ಲಿ ಜಗಳ ತೀರ್ಮಾನಿಸುತ್ತಿದ್ದ ಕ್ರಮದಲ್ಲೇ, ಊಟ ಅರ್ಧವಾದಾಗ ವಿಷಯ ತೆಗೆದೆ. ಹಸಿದವರಿಗೆ ನ್ಯಾಯ ಕಾಣುವುದಿಲ್ಲ, ಹೊಟ್ಟೆ ತುಂಬಿದವರು ಎದ್ದು ಹೋಗುತ್ತಾರೆ.

"ಎದುರು ಮಂಡೀಲಿ ಕೂತೋನು ನಮ್ ಗೋಲು ಕಾಯ್ತನಾ? ಟೀಮ್ ಅಂದ್ರೆ ಮಂಡಿ, ಮಂಡಿ ಅಂದ್ರೆ ಟೀಮು ಕಣೆ," ಎಂದರು ಯಜಮಾನರು.

"ಭಾನುವಾರ ಮಂಡಿಗೆ ಬೀಗ. ಟೀಮು ಆಡೋದು ಅವತ್ತೇ. ಮಂಡಿ ಮುಚ್ಚಿದಾಗ ತೆರೆಯೋದು ಮಂಡಿ ಹೇಗಾಗುತ್ತೆ?"

"ಅಂಗಿ ನಂದು."

"ಅಂಗಿ ನಿಮ್ಮದು. ಒಳಗಿರೋನು?"

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ಇಂಗೇ ಬುಟ್ರೆ ನಾಳೆ ನೀನೂ, ಯಜಮಾನ್ರು ಬ್ಯಾರೆ, ನಾನೇ ಬ್ಯಾರೆ ಅಂತೀಯ."

"ಅಲ್ಲದೆ ಮತ್ತೇನು? ನನ್ನ ಬೆನ್ನಿನ ಮೇಲೇನು ನಿಮ್ಮ ಮಂಡಿ ಹೆಸರು ಬರೆದಿದೆಯಾ?"

ಅವರು ಉಳಿದ ಮುದ್ದೆ ಮುರಿದು ಬಾಯಿಗಿಟ್ಟರು. ಆಮೇಲೆ, "ಇನ್ನೊಂದ್ ಸೌಟು ಸಾರಾಕು," ಎಂದರು. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದು ಅರ್ಥ.

ಪಂದ್ಯಕ್ಕೆ ನಾನೂ ಹೋದೆ. ಎದುರು ಮಂಡಿಯವರೂ ಬಂದಿದ್ದರು. ಮಾದೇವ ಚೆಂಡು ತಡೆದಾಗಲೆಲ್ಲ ಅವರು "ನಮ್ ಹುಡುಗ, ನಮ್ ಹುಡುಗ!" ಎಂದು ಚಪ್ಪಾಳೆ ತಟ್ಟುವುದು, ನಮ್ಮವರು ಕುರ್ಚಿಯ ಕೈ ಹಿಂಡುವುದು, ಇದೇ ನಡೆದಿತ್ತು. ಆಟ ಮುಗಿಯುವ ಹೊತ್ತಿಗೆ ಎದುರಾಳಿ ಬಲವಾಗಿ ಒದ್ದ ಚೆಂಡನ್ನು ಮಾದೇವ ಹಾರಿ ಎದೆಗಪ್ಪಿ ಹಿಡಿದ. ಯಜಮಾನರಿಗೆ ತಡೆಯಲಾಗಲಿಲ್ಲ. ಮೈಮರೆತು ಎದ್ದು, ಎಲ್ಲರಿಗಿಂತ ಜೋರಾಗಿ ಕೂಗಿದರು: "ಬುಡ್ಲಾ ಹಿಂದಕ್ಕೆ, ಬುಡ್ಲಾ!"

ಮಾದೇವ ಗರಕ್ಕನೆ ತಿರುಗಿ ಚೆಂಡನ್ನು ಹಿಂದಿನವನ ಕೈಗೆ ಎಸೆದ. ಹಿಂದೆ ಯಾರೂ ಇರಲಿಲ್ಲ. ಬಲೆ ಇತ್ತು.

ಆ ಒಂದು ಗೋಲಿನಿಂದ ಸೋತೆವು. ಮಾದೇವ ಮುಖ ಮುಚ್ಚಿಕೊಂಡು ಕಂಬದ ಬುಡದಲ್ಲಿ ಕುಸಿದ. ಯಜಮಾನರು ಪಂಚೆ ಎತ್ತಿ ಕಟ್ಟಿ ಮೈದಾನಕ್ಕೆ ನುಗ್ಗಿದಾಗ, ಇವನ ಕಥೆ ಮುಗಿಯಿತು ಎಂದುಕೊಂಡು ನಾನೂ ಹಿಂದೆಯೇ ಓಡಿದೆ. ಅವರು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಏನ್ಲಾ, ನಾ ಕೂಗಿದ್ರೆ ಇನ್ನೂ ಕೇಳುಸ್ತದಾ ನಿಂಗೆ?" ಎಂದರು. ಸೋತವರ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. "ಮುಂದ್ಕೂ ನೀನೇ ನಿಂತ್ಕ ಕಣ. ಕೂಗದ ನಾ ಬುಡ್ತೀನಿ."

ಬಸ್ಸಿನಲ್ಲಿ ಬರುತ್ತ ಯೋಚಿಸಿದೆ. ಬಾಯಲ್ಲಿ ಬೇರೆ ಮಾಡಿದಷ್ಟು ಸುಲಭವಾಗಿ ಕೈಯಲ್ಲಿ ಬೇರೆ ಮಾಡಲು ಬರುವುದಿಲ್ಲವಲ್ಲ. ನಾನು ಹಾಸ್ಟೆಲು ಬಿಟ್ಟು ಬಂದವಳು, ಆದರೆ ಹೊತ್ತಾದ ಕೂಡಲೇ ಗಂಟೆಯತ್ತ ಹೋಗುವ ಕೈ ಯಾರದು? ಯೋಚನೆ ಅಹಿತವಾಗಿದ್ದರಿಂದ ಅಲ್ಲಿಗೇ ನಿಲ್ಲಿಸಿದೆ.

ಮರುದಿನ ಸೋಮವಾರ, ಒಗೆಯಬೇಕಾದ ಅಂಗಿಗಳ ಬದಲು ಮಾದೇವನೊಬ್ಬನೇ ಬಂದ. "ನೀವೇ ಗೆದ್ದು ಕೊಟ್ರಲ್ಲ ಅಮ್ಮೋರೆ, ಟೀಮ ಬ್ಯಾರೆ ಅಂತ. ಇನ್ಮೇಲೆ ಅಂಗಿ ನಾವೇ ಒಗ್ಕತೀವಿ. ನಿಮಗ್ಯಾಕೆ ತೊಂದ್ರೆ?"

ನ್ಯಾಯವಾದ ಮಾತು, ಅದರಲ್ಲೂ ನನ್ನದೇ ಮಾತು. "ಒಳ್ಳೆಯದಪ್ಪ," ಎಂದೆ. ಖಾಲಿ ತಂತಿಯ ಕೆಳಗೆ ಎರಡು ಸಲ ಅಡ್ಡಾಡಿದೆ. ಆಮೇಲೆ ಮಂಡಿಯ ಕಡೆ ಸುಮ್ಮನೆ ಹೋಗಿ ನೋಡಿದರೆ ಬೇಲಿಯ ಮೇಲೆ ಅಂಗಿಗಳು: ಏಳರ ಪಕ್ಕ ಎರಡು, ಎರಡರ ಪಕ್ಕ ಹನ್ನೊಂದು, ಒಂದನೇ ನಂಬರು ಒಳಗು ಹೊರಗಾಗಿ. ಮಂಡಿ ಬೇರೆ, ಟೀಮು ಬೇರೆ, ನಾನು ಬೇರೆ ಎಂದು ಮಗ್ಗಿಯಂತೆ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಅಷ್ಟನ್ನೂ ಬಾಚಿಕೊಂಡು ಮನೆಗೆ ತಂದು ಮತ್ತೆ ನೆನೆಹಾಕಿದೆ.

ಮಾದೇವ ಏದುಸಿರು ಬಿಡುತ್ತ ಓಡಿಬಂದ. "ಅಮ್ಮೋರೆ, ಅವು ಟೀಮಿನ ಅಂಗಿ!"

"ಗೊತ್ತು ಕಣಪ್ಪ. ನನ್ನವು," ಎಂದೆ.

ಊಟಕ್ಕೆ ಬಂದು ಬಾಗಿಲಲ್ಲಿ ಪೇಪರು ಓದುತ್ತಿದ್ದ ಯಜಮಾನರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡರು. ಗಾಳಿಯಿರಲಿಲ್ಲ, ಆದರೂ ಪೇಪರು ಅಲುಗಾಡುತ್ತಿತ್ತು.