ಈರುಳ್ಳಿ ಹಲಗೆಯ ಕೈಗಡಿಯಾರ

"ಚಿನ್ನ, ಬೆಳ್ಳಿ, ಉಕ್ಕು! ಈ ಮೂರರ ಸೊಕ್ಕು ಮುರಿಯದಿದ್ದರೆ ನಾನು ಗಡಿಯಾರದ ಕೆಲಸವನ್ನೇ ಬಿಟ್ಟುಬಿಡ್ತೀನಿ!"

ಹೀಗೆಂದು ನಾನು ಗುಡುಗಿದ್ದು ನಮ್ಮ ಕಾರ್ಖಾನೆಯ ಊಟದ ಕೋಣೆಯಲ್ಲಿ, ಹನ್ನೊಂದು ಜನರ ಎದುರಿಗೆ, ಕೈಯಲ್ಲಿ ಚಮಚ ಹಿಡಿದುಕೊಂಡು.

ನಮ್ಮದು ಶ್ರೀಮಂತರ ಕೈಗಡಿಯಾರ ಮಾಡುವ ಕಾರ್ಖಾನೆ. ಯಂತ್ರವನ್ನೂ ಗಾಜನ್ನೂ ಹಿಡಿದಿಡುವ ಹೊರಮೈಗೆ ಕೇಸು ಎನ್ನುತ್ತೇವೆ. ಆ ಕೇಸು ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ನಾನು ಎರಡನೆಯವನು. ಮೊದಲನೆಯವರು ನಿವೃತ್ತರಾದ ದಿನವೇ ಯಜಮಾನರು ಡಂಗುರ ಸಾರಿಸಿದರು: "ಇದುವರೆಗೆ ಯಾರೂ ಮುಟ್ಟದ ವಸ್ತುವಿನಲ್ಲಿ ಕೇಸು ಮಾಡಿ ತರುವವರಿಗೆ ಮುಖ್ಯಸ್ಥರ ಕುರ್ಚಿ!"

ಜೊತೆಗೆ ಕಾರ್ಖಾನೆಯ ಹಳೆಯ ನಿಯಮವೊಂದಿತ್ತು. ಹೊಸ ಕೇಸನ್ನು ಮಾಡಿದವನೇ ಏಳು ದಿನ ಕೈಯಿಂದ ಬಿಚ್ಚದೆ ಕಟ್ಟಿಕೊಂಡಿರಬೇಕು. ಅದು ಹೇಗಿತ್ತೆಂದು ಅವನ ಹೆಂಡತಿ ವರದಿ ಬರೆದು, ಲಕೋಟೆಗೆ ಅಂಟು ಹಚ್ಚಿ ಕಳಿಸಬೇಕು. ಗಂಡನ ಕೆಲಸದ ಬಗ್ಗೆ ನಿಜ ಹೇಳುವವಳು ಹೆಂಡತಿ ಒಬ್ಬಳೇ ಎಂಬುದು ಯಜಮಾನರ ಸಿದ್ಧಾಂತ. ಪಾಪ, ಅವರಿಗೂ ಮದುವೆಯಾಗಿ ಮೂವತ್ತು ವರ್ಷ.

ನನ್ನ ಪ್ರತಿಸ್ಪರ್ಧಿ ಪಕ್ಕದ ಮೇಜಿನವನು. ಬಾಯಿ ಬಿಟ್ಟರೆ ಟೈಟಾನಿಯಂ ಎನ್ನುವುದರಿಂದ ಅವನಿಗೆ ಅದೇ ಅಡ್ಡಹೆಸರು. ಈ ಸಲ ಅವನು ಜ್ವಾಲಾಮುಖಿಯ ಕಲ್ಲು ತರಿಸಿದ್ದನಂತೆ. ತರಿಸಲಿ! ಹಿತ್ತಲ ಗಿಡ ಮದ್ದಲ್ಲ ಎಂದು ನಂಬುವ ಜನಕ್ಕೆ ಕಲ್ಲೇ ಗತಿ. ನಾನು ಮಾತ್ರ ನನ್ನ ಮನೆಯ ಅಡುಗೆಮನೆಗೆ ನುಗ್ಗಿದೆ.

ಅಲ್ಲಿತ್ತು ನೋಡಿ, ತರಕಾರಿ ಹೆಚ್ಚುವ ಹಲಗೆ! ಇಪ್ಪತ್ತು ವರ್ಷ ಈರುಳ್ಳಿ, ಬೆಳ್ಳುಳ್ಳಿಗಳ ರಸ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ ಗಟ್ಟಿ ಮರ. ಲಕ್ಷ ಚಾಕು ಗೆರೆಗಳ ಚಿತ್ತಾರ. ಇಂಥದ್ದನ್ನು ಯಾವ ಜ್ವಾಲಾಮುಖಿ ಕಕ್ಕೀತು?

ಹೆಂಡತಿ ಅಕ್ಕನ ಮನೆಗೆ ಹೋದ ಭಾನುವಾರ ಹಲಗೆಯ ನಟ್ಟನಡುವೆ ಗುಂಡಗೆ ಕೊರೆದು ಬಿಲ್ಲೆ ತೆಗೆದು, ಅದನ್ನೇ ಕೇಸಾಗಿ ಕಡೆದೆ. ತೂತಿಗೆ ಹಣ್ಣಿನ ಪೆಟ್ಟಿಗೆಯ ಮರ ಕೂರಿಸಿ, ಅಂಟು ಸುರಿದು, ಚಹಾದ ನೀರು ಬಳಿದೆ. ಬ್ರಹ್ಮ ಬಂದು ನೋಡಿದರೂ ಗೊತ್ತಾಗಬಾರದು, ಹಾಗಿತ್ತು.

ಬ್ರಹ್ಮನಿಗೆ ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ನನ್ನ ಹೆಂಡತಿ ಟೈಲ್ಸ್ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವಳು. ಸಣ್ಣ ಸರಳಿನಿಂದ ಒಂದೊಂದೇ ಟೈಲನ್ನು ತಟ್ಟಿ, ಸದ್ದು ಕೇಳಿ, ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯುವುದೇ ಅವಳ ಹೊಟ್ಟೆಪಾಡು! ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ವಿನಾಶಕಾಲೇ ವಿಪರೀತ ಬುದ್ಧಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಸೋಮವಾರ ಹೊಸ ಗಡಿಯಾರ ಕಟ್ಟಿಕೊಂಡು ಪೇಪರು ಓದುತ್ತಿದ್ದೆ. ಅಡುಗೆಮನೆಯಿಂದ ಟಕ್, ಟಕ್, ಟಕ್, ಡೊಬ್! ಮತ್ತೆ ಟಕ್, ಟಕ್, ಡೊಬ್!

"ಏನ್ರೀ, ಈ ಹಲಗೆ ಯಾಕೋ ನೆಗಡಿ ಆದವರ ಥರ ಮಾತಾಡ್ತಿದೆ?"

"ವಯಸ್ಸಾಯ್ತಲ್ಲೇ, ಅದಕ್ಕೆ!"

"ಯಾರಿಗೆ?"

ನಾನು ಪೇಪರಿನೊಳಗೆ ಇನ್ನಷ್ಟು ಆಳಕ್ಕೆ ಇಳಿದೆ. ಅವಳು ಪುಸ್ತಕದಲ್ಲಿ ಏನನ್ನೋ ಬರೆದುಕೊಂಡಳು. ದಿನಸಿ ಪಟ್ಟಿ ಇರಬೇಕೆಂದುಕೊಂಡೆ.

"ಅಂದ ಹಾಗೆ, ನಿಮ್ಮ ಕೇಸು ಯಾವ ಮರದ್ದು?"

"ಅದಾ? ಯಾವುದೋ ದೂರದ ದ್ವೀಪದ್ದು. ಬಹಳ ಅಪರೂಪ."

ಅವಳು ಹತ್ತಿರ ಬಂದು ನನ್ನ ಮಣಿಕಟ್ಟನ್ನು ಮೂಸಿದಳು. "ಆ ದ್ವೀಪದಲ್ಲಿ ಈರುಳ್ಳಿ ಚೆನ್ನಾಗಿ ಬೆಳೆಯುತ್ತೇನೋ!"

ನಿಜಕ್ಕೂ ಮರ ಮೈಬಿಸಿಗೆ ಬೆವರತೊಡಗಿತ್ತು. ಬುಧವಾರದ ಹೊತ್ತಿಗೆ ಇಪ್ಪತ್ತು ವರ್ಷದ ಅಡುಗೆ ಒಟ್ಟಿಗೇ ಎಚ್ಚರವಾಯಿತು! ಬಸ್ಸಿನಲ್ಲಿ ಪಕ್ಕದವರು, "ಸ್ವಾಮಿ, ನಿಮ್ಮ ಬುತ್ತಿ ಸೋರ್ತಿದೆ ನೋಡಿ" ಎಂದರು. ನನ್ನ ಹತ್ತಿರ ಬುತ್ತಿಯೇ ಇರಲಿಲ್ಲ. ಗುರುವಾರ ಸೆಂಟು ಹೊಡೆದೆ. ಈಗ ಕೈಯಿಂದ ಬರುತ್ತಿದ್ದುದು ಮಲ್ಲಿಗೆ ಮುಡಿದ ಈರುಳ್ಳಿಯ ವಾಸನೆ. ಶುಕ್ರವಾರ ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಮರ ಗಟಗಟನೆ ನೀರು ಕುಡಿದು ಊದಿಕೊಂಡಿತು. ಕೀಲಿ ಕೊಡುವ ತಿರುಪು ಸಿಕ್ಕಿಹಾಕಿಕೊಂಡಿತು. ಗಡಿಯಾರ ಹತ್ತೂ ಇಪ್ಪತ್ತಕ್ಕೆ ನಿಂತೇಹೋಯಿತು! ಅಂದಿನಿಂದ ಯಾರಾದರೂ ಗಂಟೆ ಕೇಳಿದರೆ ಮೊದಲು ಗೋಡೆ ನೋಡಿ, ಆಮೇಲೆ ಠೀವಿಯಿಂದ ಕೈ ನೋಡಿಕೊಂಡು ಹೇಳುತ್ತಿದ್ದೆ.

ಶನಿವಾರ ಸಂಜೆ ಅಡುಗೆಮನೆಯಲ್ಲಿ ಏನೋ ಟಕ್ಕೆಂದು ಬಿದ್ದು ಉರುಳಿತು. ಓಡಿ ಹೋದೆ. ಹೆಂಡತಿ ಹಲಗೆಯನ್ನು ಮುಖದೆದುರು ಎತ್ತಿ ಹಿಡಿದಿದ್ದಳು. ತೇಪೆ ಉದುರಿಹೋದ ನಡುವಿನ ತೂತಿನಿಂದ ಅವಳ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

"ಇದು ನಲವತ್ತೆರಡು ಮಿಲಿಮೀಟರ್ ಇರಬಹುದಾ?"

"ನಲವತ್ತನಾಲ್ಕು. ಗರಗಸದ ಹಲ್ಲಿನ ದಪ್ಪಾನೂ ಸೇರಿಸಬೇಕು" ಎಂದುಬಿಟ್ಟೆ! ಏನು ಮಾಡಲಿ? ಅಳತೆ ತಪ್ಪಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನನ್ನ ಮೊದಲ ಸಂಬಳದಲ್ಲಿ ತಗೊಂಡಿದ್ದು ಕಣ್ರೀ ಇದು. ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?" ಎಂದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ಕುರ್ಚಿಯ ಆಸೆ ನೋಡಿ, ಹೊಸ್ತಿಲಲ್ಲೇ ನಿಂತು ಗೊಣಗಿದೆ:

"ವರದಿ ಮಾತ್ರ ಸ್ವಲ್ಪ... ನೋಡಿಕೊಂಡು ಬರಿಯೇ."

"ನೋಡಿಕೊಂಡೂ ಬರೀತೀನಿ, ಕೇಳಿಸಿಕೊಂಡೂ ಬರೀತೀನಿ."

ಸೋಮವಾರ ಯಜಮಾನರು ಎಲ್ಲರೆದುರು ಲಕೋಟೆ ಒಡೆದರು. ಟೈಟಾನಿಯಮ್ಮಿನ ಹೆಂಡತಿ ಬರೆದದ್ದು ಒಂದೇ ಪದ: "ಚೆನ್ನಾಗಿದೆ." ನನ್ನವಳದ್ದು ನಾಲ್ಕು ಪುಟ! ಯಾವ ದಿನ ಎಷ್ಟು ಬಿಸಿಗೆ ವಾಸನೆ ಶುರುವಾಯಿತು, ನಿಂಬೆರಸ ಮರದ ಯಾವ ನಾರಿಗೆ ಇಳಿಯಿತು, ತಟ್ಟಿದರೆ ಸೋಮವಾರ ಯಾವ ಸದ್ದು, ಶುಕ್ರವಾರ ಯಾವ ಸದ್ದು, ಎಲ್ಲ ಇತ್ತು. ಕೊನೆಗೆ ಒಂದು ಸಾಲು: "ಮರದಲ್ಲಿ ದೋಷವಿಲ್ಲ. ಆರಿಸಿದವರಲ್ಲಿದೆ."

ಹನ್ನೊಂದು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ನಾಲ್ಕೂ ಪುಟ ಓದಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ, ಹತ್ತು ನಿಮಿಷ ಬಿಟ್ಟು ಬಂದು ನನ್ನ ಭುಜ ತಟ್ಟಿದರು.

"ಕುರ್ಚಿ ನಿಮ್ಮ ಮನೆಗೇ ಬಂತು ಕಣಯ್ಯಾ!"

ಹದಿನಾಲ್ಕು ವರ್ಷದ ತಪಸ್ಸು! ಟೈಟಾನಿಯಮ್ಮಿನ ಕಡೆಗೊಂದು ನೋಟ ಎಸೆದು, ಕೈ ಮುಗಿದು, ಎರಡು ಮಾತು ಆಡಲು ಎದ್ದು ನಿಂತೆ.

"ನೀವ್ಯಾಕೆ ಎದ್ರಿ? ವಸ್ತುವಿನ ಮರ್ಮ ಇಷ್ಟು ಬಲ್ಲವರು ನಮ್ಮಲ್ಲಿ ಯಾರಿದ್ದಾರೆ? ಒಂದನೇ ತಾರೀಖಿಂದ ನಿಮ್ಮ ಮನೆಯವರು ಬರ್ಲಿ. ನಾನು ಫೋನಲ್ಲಿ ಮಾತಾಡಿ ಒಪ್ಪಿಸಿದ್ದಾಯ್ತು!"

ಈಗಲೂ ನಾನು ಕೇಸು ವಿಭಾಗದಲ್ಲಿ ಎರಡನೆಯವನು. ಮನೆಯಲ್ಲಿ ಮೊದಲಿಂದಲೂ ಹಾಗೇ ಇದ್ದುದರಿಂದ ಹೊಸದಾಗಿ ಕಲಿಯಬೇಕಾದ್ದೇನೂ ಇರಲಿಲ್ಲ. ಹೊಸ ಮುಖ್ಯಸ್ಥೆ ಬಂದ ಮೊದಲ ದಿನ, ಗಾಜಿನ ಬಾಗಿಲು ತಟ್ಟಿ, ವಿನಯದಿಂದ ಕೇಳಿದೆ:

"ಮೇಡಂ, ಇವತ್ತು ಒಂದು ಗಂಟೆ ಮುಂಚೆ ಮನೆಗೆ ಹೊರಡಲಾ?"

ಅವಳು ಕಡತದಿಂದ ತಲೆ ಎತ್ತಲೇ ಇಲ್ಲ.

"ಧಾರಾಳವಾಗಿ ಹೊರಡಿ. ನನಗೆ ಮೀಟಿಂಗ್ ಇದೆ, ಬರೋದು ತಡ ಆಗುತ್ತೆ. ಅಡುಗೆ ಮಾಡಿಟ್ಟಿರಿ."