ಆಷಾಢಕ್ಕೆ ಮುಂಚೆ ಗೃಹಪ್ರವೇಶ ಮಾಡಿದ ಮೀನು

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಭೂಗೋಳ ಹೇಳಿಕೊಡುತ್ತಿರುವ ನಾನು ಸಾಗರದ ಆಳ, ಪ್ರವಾಹ, ಹವಳದ ದಿಬ್ಬ ಎಲ್ಲವನ್ನೂ ಮುಳುಗಿ ನೋಡಿ ಬಂದವನಂತೆ ವರ್ಣಿಸುತ್ತೇನೆ. ನಿಜ ಹೇಳಬೇಕೆಂದರೆ ಸಮುದ್ರಕ್ಕೂ ನನಗೂ ಇರುವ ಪರಿಚಯ ಮಲ್ಪೆಯಲ್ಲಿ ಪ್ಯಾಂಟು ಮಡಿಸಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಷ್ಟೇ. ಹೀಗೆ ದೂರ ನಿಂತು ಪ್ರೀತಿಸುವವರಿಗೆ ಒಂದಲ್ಲ ಒಂದು ದಿನ ಬುದ್ಧಿ ಕೆಡುತ್ತದೆ. ನನಗೆ ಕೆಟ್ಟದ್ದು ಆರು ವರ್ಷಗಳ ಹಿಂದೆ. ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕಡಿ ಉದ್ದದ ಗಾಜಿನ ಸಮುದ್ರವೊಂದನ್ನು ಮಾಡಿಸಿದೆ. ದಿನ ಬಿಟ್ಟು ದಿನ ನಲ್ಲಿಯಲ್ಲಿ ಬರುವ ಕಾವೇರಿಯನ್ನು ಸೋಸಿ, ಅದಕ್ಕೆ ಪೊಟ್ಟಣದ ಸಮುದ್ರದುಪ್ಪು ಬೆರೆಸಿ, ಒಂದು ರಾತ್ರಿ ಕಲಕಿದರೆ ಸಮುದ್ರ ಸಿದ್ಧ. ಕಾವೇರಿ ಸಮುದ್ರ ಸೇರುವುದು ತಮಿಳುನಾಡಿನಲ್ಲಿ ಎಂದು ಮಕ್ಕಳಿಗೆ ಈಗಲೂ ಪಾಠ ಮಾಡುತ್ತೇನೆ. ಅವಳ ಒಂದು ಸಣ್ಣ ಕವಲು ನಮ್ಮ ಸೋಫಾದ ಪಕ್ಕದಲ್ಲೇ ಸಮುದ್ರ ಸೇರುತ್ತದೆ ಎಂಬುದನ್ನು ಮಾತ್ರ ಪಠ್ಯದಲ್ಲಿ ಸೇರಿಸಿಲ್ಲ.

ಆ ಸಮುದ್ರದಲ್ಲಿ ಇದ್ದದ್ದು ಒಂದಷ್ಟು ಹವಳ, ಮತ್ತು ಕಿತ್ತಳೆ ಮೈಗೆ ಬಿಳಿ ಪಟ್ಟೆ ಹೊದ್ದ ಎರಡು ಮೀನು. ದೊಡ್ಡದು ಹೆಂಡತಿ, ಪುಟ್ಟಮ್ಮ. ಸಣ್ಣವನು ಅವಳ ಗಂಡ. ಅವನಿಗೆ ಯಾರೂ ಹೆಸರಿಡಲಿಲ್ಲ, ಅವನೂ ಬೇಸರ ಮಾಡಿಕೊಳ್ಳಲಿಲ್ಲ. ಇವು ನನ್ನ ಹೆಂಡತಿ ವಸುಧಾಳ ಮೀನುಗಳು. ಅವಳ ತಂದೆ ತೀರಿಕೊಂಡ ವರ್ಷ ತಂದದ್ದು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಸೂಕ್ಷ್ಮದರ್ಶಕ ನೋಡಿ ಬರುವ ಅವಳು, ಆ ವರ್ಷ ಸಂಜೆಯಾದರೆ ಚಪ್ಪಲಿ ಬಿಟ್ಟವಳೇ ಅವುಗಳ ಮುಂದೆ ಕೂತುಬಿಡುತ್ತಿದ್ದಳು. ನನ್ನ ಮುಂದೆ ಅಳದವಳು ಪುಟ್ಟಮ್ಮನ ಮುಂದೆ ಅತ್ತದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದ್ದೇನೆ. ಆದ್ದರಿಂದ ಈ ವರ್ಷ ನಾನು ಹೊಸ ಮೀನು ತರುತ್ತೇನೆಂದಾಗ ಅವಳು ಹೇಳಿದ್ದು ಒಂದೇ ಮಾತು: "ತನ್ನಿ. ಆದ್ರೆ ಪುಟ್ಟಮ್ಮಂಗೆ ಏನಾದ್ರೂ ಆದ್ರೆ ನಾನು ಸುಮ್ನಿರಲ್ಲ."

ನನಗೆ ಬೇಕಿದ್ದದ್ದು ರ‍್ಯಾಸ್ ಜಾತಿಯ ಮೀನು. ಹವಳದ ದಿಬ್ಬಗಳ ಮೇಲೆ ಬಣ್ಣದ ಪೆನ್ಸಿಲ್ಲಿನ ಹಾಗೆ ಓಡಾಡುವ ತೆಳು ಮೀನು. ಜೆ.ಪಿ. ನಗರದಲ್ಲಿ ಮೀನಿನ ಅಂಗಡಿ ಇಟ್ಟಿರುವ ಫಯಾಜ್ ಮೂರು ಬಗೆ ತೋರಿಸಿದ. ಮಹಡಿ ಮನೆಗೆ ಬಾಡಿಗೆದಾರರನ್ನು ಆರಿಸುವ ನಮ್ಮ ಕಡೆಯ ಯಜಮಾನರ ಗತ್ತಿನಲ್ಲಿ ನಾನು ವಿಚಾರಣೆ ನಡೆಸಿದೆ. "ಈ ಆರ್ ಗೆರೆದು ನೋಡಕ್ ಸಖತ್ತಾಗಿದೆ ಸಾರ್, ಆದ್ರೆ ಮಹಾ ಜಗಳಗಂಟ. ಹಳಬರನ್ನ ಮೂಲೆಗ್ ತಳ್ಬಿಡತ್ತೆ" ಎಂದ. "ಈ ಕೆಂಪುದು ಸಾಧು, ಆದ್ರೆ ಹಾರತ್ತೆ. ಮುಚ್ಚಳ ಒಂದಿಂಚು ಸಂದಿ ಬಿಟ್ರೂ ಬೆಳಗ್ಗೆ ಸೋಫಾ ಕೆಳಗೆ ಹುಡುಕ್ಬೇಕು." ಮೂರನೆಯದು ಎಳೆ ಬಾಳೆಲೆಯ ಹಸಿರಿಗೆ ಗುಲಾಬಿ ಗೆರೆ ಎಳೆದಂತಿತ್ತು. "ಇದು ತಣ್ಣಗಿರತ್ತೆ ಸಾರ್. ಕತ್ಲಾದ್ರೆ ಮರಳೊಳಗೆ ಹೊಕ್ಕೊಂಡು ಮಲಗ್ಬಿಡತ್ತೆ." ಮರಳು ಹೊದ್ದು ಮಲಗುವ ಮೀನು ಎಂದದ್ದೇ ತಡ, ನಾನು ಬಿದ್ದುಹೋದೆ. ನಿದ್ದೆ ಪ್ರಿಯರಾದವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಫಯಾಜ್ ಮೀನನ್ನು ಚೀಲಕ್ಕೆ ಹಾಕುತ್ತಾ ಬೆರಳು ಎತ್ತಿ ಹೇಳಿದ: "ಮೂವತ್ತು ದಿನ ಬೇರೆ ತೊಟ್ಟಿ ಸಾರ್. ಎರಡು ವಾರ ಊಟ ಅಭ್ಯಾಸ ಮಾಡ್ಸಿ, ಆಮೇಲೆ ಎರಡು ವಾರ ತಾಮ್ರದ ಔಷಧಿ. ಇದ್ರ ಮೈಮೇಲೆ ಬಿಳಿ ಚುಕ್ಕೆ ಕಾಣಲ್ಲ, ಆದ್ರೆ ಆ ಚುಕ್ಕೆ ರೋಗ ಹೊತ್ಕೊಂಡ್ ಬಂದಿರತ್ತೆ."

ಈ ಬೇರೆ ತೊಟ್ಟಿಯ ವಿಚಾರವನ್ನು ಎಂಬತ್ತು ವರ್ಷದ ಅಮ್ಮನಿಗೆ ಹೇಗೆ ವಿವರಿಸುವುದೆಂದು ದಾರಿಯುದ್ದಕ್ಕೂ ಚಿಂತಿಸಿದ್ದೆ. ಮನೆಯಲ್ಲಿ ಈರುಳ್ಳಿಯನ್ನೇ ಅನುಮಾನದಿಂದ ನೋಡುವವಳು ಆಕೆ. ಮೀನಿನ ಊಟಕ್ಕೆಂದು ತಂದ ಸಿಗಡಿಗೆ ಹಿತ್ತಿಲ ಬಾಗಿಲಲ್ಲಿ ಪ್ರತ್ಯೇಕ ಪುಟ್ಟ ಫ್ರಿಜ್ಜು ಇಡಿಸಿದ್ದಳು. ಆದರೆ ನಾನು ಹಿಂದಿನ ಕೋಣೆಯಲ್ಲಿ ತೊಟ್ಟಿ ಇಟ್ಟು, ಮಲಗಲು ಒಂದು ಡಬ್ಬಿ ಮರಳು ಇಟ್ಟು, "ಇದರ ನೀರು ಅದಕ್ಕೆ ತಗಲಬಾರದು, ಇದರ ಬಲೆ ಅದಕ್ಕೆ ಹಾಕಬಾರದು" ಎನ್ನುವಷ್ಟರಲ್ಲೇ ಅವಳ ಮುಖ ಅರಳಿತು. "ಮಡಿ ಅನ್ನು" ಎಂದಳು. ಅರವತ್ತು ವರ್ಷ ಅಡಿಗೆಮನೆಯಲ್ಲಿ ಮಡಿ ಮಾಡಿದ ಜೀವಕ್ಕೆ ಸೂಕ್ಷ್ಮಾಣುಗಳ ಪಾಠ ನಾನೇನು ಹೇಳಲಿ? ಅಂದಿನಿಂದ ಹಿಂದಿನ ಕೋಣೆಯ ಮಗ್ಗಿಗೆ ಕೆಂಪು ದಾರ ಕಟ್ಟಲಾಯಿತು. ಆ ಕೋಣೆಗೆ ಹೋಗಿ ಬಂದ ನಾನು ಮೊಣಕೈವರೆಗೆ ತೊಳೆದುಕೊಳ್ಳದೆ ಹಾಲ್‌ಗೆ ಕಾಲಿಡುವಂತಿರಲಿಲ್ಲ. "ಸೋಪು ಹಚ್ಚಿದ್ಯಾ? ತೋರ್ಸು" ಎಂದು ಐವತ್ತೆರಡು ವರ್ಷದ ಮಗನ ಕೈ ಮೂಸಿ ನೋಡುತ್ತಿದ್ದಳು.

ಮೀನೋ ಮಧ್ಯಾಹ್ನ ಮೂರೂವರೆಗೆ ಸರಿಯಾಗಿ ಮರಳಿನ ಡಬ್ಬಿಗೆ ಧುಮುಕಿ ಮಲಗಿಬಿಡುತ್ತಿತ್ತು. ಕಾಯಿಲೆಯೇ ಇರಬೇಕೆಂದು ಹೆದರಿ ಫಯಾಜನಿಗೆ ಫೋನ್ ಮಾಡಿದರೆ, "ಅದ್ರ ಊರಲ್ಲಿ ಈಗ ಸಂಜೆ ಸಾರ್" ಎಂದ. ಇಂಡೋನೇಷ್ಯಾದ ಆಚೆ ತುದಿಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ನಮ್ಮ ಜಯನಗರದಲ್ಲಿ ಮೂರೂವರೆ! ರೇಖಾಂಶ, ಕಾಲವಲಯ ಎಂದು ಬೋರ್ಡಿನ ಮೇಲೆ ಗೆರೆ ಎಳೆದೆಳೆದು ಸವೆದ ನನಗೆ ಮೈ ಜುಮ್ಮೆಂದಿತು. ಬೆರಳುದ್ದದ ಜೀವ ತನ್ನ ಊರಿನ ಸಂಜೆಯನ್ನು ಮೈಯೊಳಗೆ ಇಟ್ಟುಕೊಂಡು ಬಂದಿದೆ. ಕಾಲೇಜಿನಿಂದ ಬಂದು ಊಟ ಮಾಡಿ ನಾನೂ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳತೊಡಗಿದೆ. ಹೊರಗೆ ಹೂವಿನವಳ ಕೂಗು, ಯಾರದೋ ಕುಕ್ಕರಿನ ಸೀಟಿ, ಪಂಪಿನ ಗುಳುಗುಳು. ಕಣ್ಣು ಮುಚ್ಚಿದರೆ ಮುಂಗಾರಿನ ಮೋಡದ ಬದಲು ಯಾವುದೋ ದ್ವೀಪದ ನೇರಳೆ ಸಂಜೆ ನಮ್ಮ ಹಿತ್ತಿಲ ತೆಂಗಿನ ಮರದ ಮೇಲೆ ಇಳಿಯುತ್ತಿತ್ತು. ಹದಿನಾರು ದಿನ ಹೀಗೆ ಅರ್ಧ ನಿದ್ದೆಯಲ್ಲೇ ಕಳೆದವು. ಮೀನು ಕ್ರಮೇಣ ಬೆಂಗಳೂರಿನ ಸಮಯಕ್ಕೆ ಹೊಂದಿಕೊಂಡಿತು, ಊಟವನ್ನೂ ಕಲಿಯಿತು. ಔಷಧಿ ಶುರುವಾಗಿ ಎರಡೇ ದಿನವಾಗಿತ್ತು. ನನಗೆ ಮಾತ್ರ ತಡೆಯಲಾಗಲಿಲ್ಲ. ಆ ಹಸಿರು ಮೀನು ಹವಳದ ಮೇಲೆ ತೇಲುವುದನ್ನು ಇನ್ನೂ ಎರಡು ವಾರ ನೋಡಬಾರದೆಂದರೆ ಹೇಗೆ?

ಹದಿನಾರನೆಯ ದಿನ ಅಮ್ಮ ಪಂಚಾಂಗ ನೋಡುತ್ತಾ ಹೇಳಿದಳು: "ನಾಡಿದ್ದು ಆಷಾಢ ಹುಟ್ಟತ್ತೆ ಕಣೋ. ಆಷಾಢದಲ್ಲಿ ಯಾರೂ ಹೊಸ ಮನೆ ಹೊಗಲ್ಲ. ನಿನ್ ಮೀನು ಶ್ರಾವಣದವರ್ಗೂ ಇಲ್ಲೇ ಇರ್ಲಿ." ಪಂಚಾಂಗವನ್ನು ನಾನು ನಂಬುವವನಲ್ಲ, ಗ್ರಹಣದ ದಿನ ತಿಂಡಿ ತಿಂದು ತೋರಿಸಿದವನು. ಆದರೆ ಆ ಮಾತಿನ ಮೊದಲರ್ಧ ನನ್ನೊಳಗೆ ಎಂಥ ಭಕ್ತಿ ಹುಟ್ಟಿಸಿತೆಂದರೆ, ಮರುದಿನವೇ, ಅಂದರೆ ಆಷಾಢ ಹುಟ್ಟುವ ಮುನ್ನಾದಿನ, ವಸುಧಾ ಲ್ಯಾಬಿನಲ್ಲಿದ್ದಾಗ, ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಗ, ಶುಭಮುಹೂರ್ತ ನೋಡದೆಯೇ ಮೀನಿಗೆ ಗೃಹಪ್ರವೇಶ ಮಾಡಿಸಿಬಿಟ್ಟೆ.

ಸಂಜೆ ಬಂದ ವಸುಧಾ ತೊಟ್ಟಿಯ ಮುಂದೆ ನಿಂತೇ ಇದ್ದಳು. "ಮೂವತ್ತು ದಿನ ಆಗೋಯ್ತಾ? ಯಾರು ಬಿಡಕ್ಕೆ ಹೇಳಿದ್ದು?" ಎಂದಳು. ನನ್ನ ಬಾಯಿಂದ ಯೋಚನೆಗಿಂತ ಮುಂಚೆ ಮಾತು ಬಂತು: "ಅಮ್ಮ ಹೇಳಿದ್ಲು. ಆಷಾಢ ಬರ್ತಿದೆ, ಅಷ್ಟರೊಳಗೆ ಆಗ್ಲಿ ಅಂತ." ಹುರುಳಿಕಾಯಿ ಸೋಸುತ್ತಿದ್ದ ಅಮ್ಮ ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದಳು. ನಾನು ಫ್ಯಾನು ನೋಡಿದೆ. "ಹೂಂ ಕಣೇ, ನಾನೇ ಹೇಳ್ದೆ" ಎಂದಳು ಅಮ್ಮ. ವಸುಧಾ ಕೈ ತೊಳೆಯಲು ಹೋದಳು.

ಗೃಹಪ್ರವೇಶವಾದ ಹತ್ತನೆಯ ದಿನ ಪುಟ್ಟಮ್ಮನ ಬಾಲದ ಮೇಲೆ ಸಣ್ಣ ರವೆಯಷ್ಟು ಬಿಳಿ ಚುಕ್ಕೆ ಕಂಡಿತು. ಮರುದಿನ ಮೈತುಂಬ. ಊಟ ಬಿಟ್ಟು ಮೂಲೆಯಲ್ಲಿ ಕಿವಿರು ಬಡಿಯುತ್ತಾ ನಿಂತಳು. ಹೊಸ ಮೀನಿನ ಮೈ ಮಾತ್ರ ಕನ್ನಡಿಯಂತಿತ್ತು. ಫಯಾಜ್ ಫೋನಿನಲ್ಲೇ ತಲೆ ಚಚ್ಚಿಕೊಂಡ. ತಾಮ್ರದ ಔಷಧಿ ಹವಳಕ್ಕೆ ವಿಷ. ಆದ್ದರಿಂದ ಮೂರೂ ಮೀನುಗಳನ್ನು ಹಿಂದಿನ ಕೋಣೆಗೆ ಸಾಗಿಸಬೇಕು, ಮೀನೇ ಸಿಗದೆ ರೋಗ ತಾನಾಗಿ ಸಾಯುವವರೆಗೆ ದೊಡ್ಡ ತೊಟ್ಟಿ ಎರಡೂವರೆ ತಿಂಗಳು ಖಾಲಿ ಇರಬೇಕು. ಪುಟ್ಟಮ್ಮ ದಂಪತಿಗಳು ಸುಲಭಕ್ಕೆ ಬಲೆಗೆ ಬಂದರು. ಹೊಸಬ ಮರಳು ಹೊಕ್ಕವನು ಹೊರಬರಲೇ ಇಲ್ಲ. ನಾನು ಭುಜದವರೆಗೆ ನೀರಿನಲ್ಲಿ ಕೈ ಇಳಿಸಿ ತಡಕುತ್ತಿದ್ದಾಗ ಅಮ್ಮ ಒಳಗಿನಿಂದ ತನ್ನ ರವೆ ಜರಡಿ ತಂದು ಚಾಚಿದಳು. ಯಾರಿಗೂ ಮುಟ್ಟಲು ಕೊಡದ ಜರಡಿ ಅದು. "ಅಮ್ಮ, ಇದು ಆಮೇಲೆ ನಿನಗೆ ಉಪಯೋಗಕ್ಕೆ ಬರಲ್ಲ" ಎಂದೆ. "ಆ ಹೆಣ್ಮಗಳ ಮುಖ ನೋಡು ಮೊದ್ಲು" ಎಂದಳು. ವಸುಧಾ ಹಿಂದಿನ ಕೋಣೆಯ ನೆಲದ ಮೇಲೆ ಕೂತು ಪುಟ್ಟಮ್ಮನನ್ನೇ ನೋಡುತ್ತಿದ್ದಳು. ಅವಳ ಮುಖದ ಮೇಲೆ ಆರು ವರ್ಷಗಳ ಹಿಂದಿನ ಸಂಜೆ ಇತ್ತು. ನನಗೆ ಅಲ್ಲೇ ನಿಜ ಹೇಳಿಬಿಡಬೇಕೆನ್ನಿಸಿತು. ಆದರೆ ಕೈಯಲ್ಲಿ ಜರಡಿ ಇತ್ತಲ್ಲ, ಮೊದಲು ಮೀನು ಹಿಡಿಯೋಣ ಎಂದು ಮುಂದೂಡಿದೆ.

ಆಮೇಲೆ ಒಂಟಿಯಾಗಿ ಸಿಕ್ಕಾಗ ಅಮ್ಮನನ್ನು ಕೇಳಿದೆ, "ಅವತ್ತು ಯಾಕೆ ಒಪ್ಪಿಕೊಂಡೆ?" "ನನ್ನ ಬೈಯಕ್ಕೆ ಅವಳಿಗೆ ಬಾಯಿ ಬರಲ್ಲ. ನಿನ್ನ ಬೈದ್ರೆ ನೀನು ಮೂರು ದಿನ ಊಟ ಬಿಡ್ತೀಯ. ಮನೇಲಿ ಕಾಯಿಲೆ ಬಿದ್ದಿರೋರು ಸಾಲ್ದಾ?" ಎಂದಳು. ನನಗೆ ನಾಚಿಕೆಯಾಯಿತು. ಊಟವನ್ನೇನೋ ಬಿಡಲಿಲ್ಲ.

ಔಷಧಿ ಶುರುವಾದ ಒಂಬತ್ತನೆಯ ದಿನ ಪುಟ್ಟಮ್ಮ ಒಂದು ಸಿಗಡಿಯ ಚೂರನ್ನು ನುಂಗಿದಳು. ವಸುಧಾ ಲ್ಯಾಬಿಗೆ ಹೊರಟವಳು ಬಾಗಿಲಲ್ಲೇ ಕೂತು ಅತ್ತಳು, ಈ ಸಲ ನಾನು ಮರೆಯಲ್ಲಿ ನಿಲ್ಲಲಿಲ್ಲ. ಆಷಾಢ ಹೋಯಿತು, ಶ್ರಾವಣ ಹೋಯಿತು. ಹಾಲ್‌ನಲ್ಲಿ ಮೀನಿಲ್ಲದ ಸಮುದ್ರ ತನ್ನ ಪಾಡಿಗೆ ಅಲೆ ಎಬ್ಬಿಸುತ್ತಿತ್ತು. ಬೆಳಕಿನ ಬಲೆ ಚಾವಣಿಯಲ್ಲಿ ಮೆಲ್ಲಗೆ ಅಲುಗುತ್ತಿತ್ತು, ಹವಳಗಳು ಯಾರಿಗೂ ಅಲ್ಲದೆ ಕೈ ಚಾಚಿ ಮಡಚುತ್ತಿದ್ದವು. ಭೂಮಿಯ ಮೇಲೆ ಮೀನು ಹುಟ್ಟುವ ಮೊದಲು ಸಮುದ್ರ ಹೀಗೇ ಇದ್ದಿರಬೇಕು ಎಂದುಕೊಳ್ಳುತ್ತಾ ನಾನು ಮಧ್ಯಾಹ್ನಗಳನ್ನು ಕಳೆದೆ. ಪ್ರತಿದಿನವೂ ಇವತ್ತು ವಸುಧಾಗೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಪ್ರತಿದಿನವೂ ಕಾಫಿಗೆ ಹೊತ್ತಾಗುತ್ತಿತ್ತು.

ಎರಡೂವರೆ ತಿಂಗಳು ಮುಗಿದದ್ದು ಪಿತೃಪಕ್ಷದಲ್ಲಿ. ಅಮ್ಮ ಬಾಯಿ ತೆರೆಯುವ ಮೊದಲೇ ನಾನು, "ನವರಾತ್ರಿ ಬರಲಿ, ಆಮೇಲೆ ಬಿಡೋಣ" ಎಂದೆ. ಪಾಡ್ಯದ ಬೆಳಿಗ್ಗೆ ಅಮ್ಮ ಹಾಲ್‌ನ ಇನ್ನೊಂದು ಮೂಲೆಯಲ್ಲಿ ಬೊಂಬೆ ಜೋಡಿಸುತ್ತಿದ್ದಾಗ ನಾವು ಮೂರೂ ಮೀನುಗಳನ್ನು ಸಮುದ್ರಕ್ಕೆ ಬಿಟ್ಟೆವು. ಹಸಿರು ಮೀನು ಹವಳದ ಮೇಲೆ ಒಂದು ಸುತ್ತು ಬಂತು. ಪುಟ್ಟಮ್ಮ ತನ್ನ ಹಳೆಯ ಮೂಲೆಗೆ ಹೋಗಿ ನಿಂತಳು. ನೋಡುತ್ತಾ ನೋಡುತ್ತಾ ವಸುಧಾ ಹೇಳಿದಳು: "ಅತ್ತೆ ಹಾಗೆ ಹೇಳಿರಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಮಗ್ಗನ್ನೇ ಮೂರು ಸಲ ತೊಳೆಸೋರು, ಹದಿಮೂರು ದಿನ ಕಮ್ಮಿ ಮಾಡ್ತಾರಾ?"

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀವಾಗಿ ಹೇಳ್ತೀರೇನೋ ಅಂತ ನೋಡ್ತಿದ್ದೆ" ಎಂದು ಅವಳು ಬಲೆ ತೊಳೆಯಲು ಹೊರಟುಹೋದಳು.

ನಾನು ಅಮ್ಮನ ಬಳಿ ಹೋಗಿ ಕೂತೆ. ಎದೆ ಹಗುರಾದಂತಿತ್ತು. "ಅಮ್ಮ, ಅವಳಿಗೆ ಎಲ್ಲ ಗೊತ್ತಿತ್ತಂತೆ" ಎಂದೆ.

"ನಂಗೊತ್ತು. ಅವತ್ತು ಸಂಜೆನೇ ಬಂದು ಕೇಳಿದ್ಲು. ನಿನ್ನ ಬಾಯಿಂದಲೇ ಬರ್ಲಿ, ಅಲ್ಲೀವರ್ಗೂ ಇಬ್ರೂ ಸುಮ್ನಿರೋಣ ಅಂದ್ಕೊಂಡಿದ್ವಿ."

"ಸದ್ಯ, ಈಗಲಾದರೂ ಹೇಳಿಯಾಯಿತಲ್ಲ" ಎಂದೆ ನಾನು ನಿಟ್ಟುಸಿರು ಬಿಟ್ಟು.

"ನೀನೆಲ್ಲೋ ಹೇಳ್ದೆ? ಹೇಳಿದ್ದು ಅವಳು" ಎಂದಳು ಅಮ್ಮ. "ಆ ರಾಜನ ಬೊಂಬೆ ಈ ಕಡೆ ಕೊಡು. ಕೈ ತೊಳ್ಕೊಂಡ್ ಬಂದು ಕೊಡು."